ತಕ್ಕಡಿಗೆ ಬಾರದ ಹೆಸರು

ಮಗಳು ಹುಟ್ಟಿ ಆರು ದಿನ.
ಮನೆಯಲ್ಲಿ ಒಂಬತ್ತು ಮಂದಿ, ಹೆಸರು ಇಪ್ಪತ್ತು.
ತಂಗಿ ಮೊಬೈಲು ನೋಡಿ ಓದುತ್ತಿದ್ದಾಳೆ:
ಅಂಬರೀನ್, ಗೌಹರ್, ಮರ್ಜಾನಾ...

“ಸಾಕು,” ಅಂದಳು ದಾದಿ, ಅಡಕೊತ್ತು ಕೆಳಗಿಟ್ಟು.
“ತಕ್ಕಡಿಯಾಗ ತೂಗೋ ಹೆಸರು ಈ ಮನಿಗಿ ಬ್ಯಾಡ.”

ನಾವು ನಕ್ಕೆವು. ಆಕೆ ನಗಲಿಲ್ಲ.

ದಾದಿಯ ತಾಯಿ ಮರ್ಜಾನ್. ಅಂದರೆ ಹವಳ.
ಮರ್ಜಾನಳ ತಾಯಿ ಸುಂಬುಲ್, ಸುಗಂಧದ ಬೇರು.
ಅದಕ್ಕೂ ಮೊದಲು ಒಬ್ಬ ಕಾಫೂರ್, ಒಬ್ಬ ಯಾಕೂತ,
ಅದಕ್ಕೂ ಮೊದಲು ಸಮುದ್ರ.
ಹಡಗಿನ ಸರಕಿನ ಚೀಟಿಯನ್ನೇ
ಯಾರೋ ನಮ್ಮ ವಂಶಾವಳಿಗೆ ಅಂಟಿಸಿದ ಹಾಗೆ.
ನೀರಿನ ಆಚೆ ಅವರವರ ಅವ್ವಂದಿರು
ಏನಂತ ಕರೆಯುತ್ತಿದ್ದರೋ,
ಆ ಜಾಗ ಬಂದಾಗ ದಾದಿ
ಎಲೆಗೆ ಸುಣ್ಣ ಹಚ್ಚುತ್ತ ಸುಮ್ಮನಾಗುತ್ತಾಳೆ.

ಹಬ್ಶಿ ಕೋಟೆಯ ಗುಡ್ಡಕ್ಕೆ ಒಮ್ಮೆ
ಕೈ ಹಿಡಿದು ಕರೆದೊಯ್ದಿದ್ದಳು.
ಗುಮ್ಮಟ ನೋಡಿ, “ನಮ್ಮವರದಾ?” ಅಂದೆ.
“ಅವರು ಸರದಾರರು. ನಮ್ಮಂಗೇ ಕರ್ರಗಿದ್ದರು, ಖರೆ.
ಅವರ ಕುದುರಿ ಲಗಾಮು ಹಿಡದು
ಬರಿಗಾಲಿಲೆ ನಡದವರು ನಮ್ಮವರು.”
ಹುಲ್ಲಿನಲ್ಲಿ ಮುಳುಗಿದ ಮೂರು ಕಲ್ಲು ತೋರಿಸಿ
ಅಲ್ಲೇ ಕೂತು ಬುತ್ತಿ ಬಿಚ್ಚಿದಳು.
ಜೋಳದ ರೊಟ್ಟಿ, ಪುಂಡಿಪಲ್ಲೆ.
ಒಂದು ತುಣುಕು ಕಲ್ಲಿನ ಮೇಲೆ.
ಇರುವೆ ಬಂದವು. ಅಷ್ಟೇ.

ಉಳಿದದ್ದನ್ನು ತುಂಡು ತುಂಡಾಗಿ ಹೇಳಿದ್ದಾಳೆ:
ದೇವಡಿಯ ಹೊಸ್ತಿಲಿಗೆ ಅಡ್ಡ
ಮಲಗುತ್ತಿದ್ದಳು ಮರ್ಜಾನ್.
ಒಳಗೆ ಬೇಗಂ ಮಗ್ಗುಲು ಬದಲಿಸಿದರೂ
“ಹಾಜಿರ್!” ಅಂತ ಏಳಬೇಕು.
ಬಿದರಿ ಹೂಜಿಯಂಥ ಮೈ ಇವಳದು, ಅಂತ
ಮೆಹಮಾನ್ ಸಾಹೇಬನೊಬ್ಬ ಹೊಗಳಿದನಂತೆ.
“ಹೂಜಿಗಿ ಮೊಣಕಾಲ ನೋಯಂಗಿಲ್ಲ,”
ಅಂದಳು ದಾದಿ. ಬೇರೇನೂ ಅನ್ನಲಿಲ್ಲ.

ಆಮೇಲೆ ದೇವಡಿ ಬಿತ್ತು. ಬಾಗಿಲು ಹರಾಜಾಯಿತು.
ಹೋಗು ಅಂತ ಯಾರೂ ಹೇಳಲಿಲ್ಲ,
ಇರು ಅಂತಲೂ.
ಮಗಳನ್ನು ಸೊಂಟಕ್ಕೇರಿಸಿ ಮರ್ಜಾನ್
ಚೌಬಾರಾ ದಾಟಿ ಬಂದು
ಬಾಡಿಗೆಯ ಒಂಟಿ ಕೋಣೆಯಲ್ಲಿ
ಹೊಸ್ತಿಲಿಗೆ ಅಡ್ಡವಾಗಿಯೇ ಮಲಗಿದಳು,
ಸಾಯುವ ತನಕ.
ಬೆಕ್ಕು ಹಾರಿದರೆ ಹಾಜಿರ್.
ಗುಡುಗಿದರೆ ಹಾಜಿರ್.

ಅದು ಮಗಳ ಗಂಟಲಿಗೂ ಇಳಿಯಿತು.
ದಾದಿ ಯಾರ ಹೊಸ್ತಿಲನ್ನೂ ಕಾದವಳಲ್ಲ,
ಹತ್ತಿ ಪಿಂಜಿ ಗಾದಿ ಹೊಲಿದು
ಮೂವರನ್ನು ಸಾಕಿದವಳು.
ಆದರೂ ನಡುರಾತ್ರಿ ನಿದ್ದೆಯೊಳಗಿಂದ
ಆ ಒಂದು ಶಬ್ದ ಎದ್ದು ನಿಲ್ಲುವುದನ್ನು
ಕೇಳುತ್ತಲೇ ಬೆಳೆದೆ ನಾನು.

ಮರ್ಜಾನ್ ಮಾಡಿದ್ದು ಒಂದೇ ದಂಗೆ:
ಬೇಗಂ ಹೇಳಿಕಳಿಸಿದ ಹೆಸರನ್ನು ಮರೆತಂತೆ ಮಾಡಿ
ಶಬೇಬರಾತಿನ ಕೂಸಿಗೆ ಶಬರಾತ್‌ಬೀ ಅಂದದ್ದು.
ರಾತ್ರಿಯನ್ನು ಯಾವ ಕಲ್ಲು ಹಾಕಿ ತೂಗುತ್ತಾರೆ?

“ಸದಾ ಅಂತಿಡೋಣು,” ಅಂದಳು ಜಹೀರಾ,
ಬಾಣಂತಿಯ ಮೂಲೆಯಿಂದ, ಯಾರೂ ಕೇಳದೆಯೇ.
ಮನೆಯ ಮಾತಿನಲ್ಲಿ ಸದಾ ಅಂದರೆ ಕೂಗು.
ಶಾಲೆಯ ಕನ್ನಡದಲ್ಲಿ ಯಾವಾಗಲೂ.
ಎರಡನ್ನೂ ದಾದಿ
ಈ ದವಡೆಯಿಂದ ಆ ದವಡೆಗೆ ಹೊರಳಿಸಿ
ರಸ ನುಂಗಿ, “ಇರ್ಲಿ,” ಅಂದಳು.

ನಗರಸಭೆಯ ಗುಮಾಸ್ತ ಪೆನ್ನು ತಡೆದ:
“ಸದಾ... ಮುಂದ? ಸದಾಶಿವನಾ?
ಹೆಣ್ಣ ಕೂಸಂತೀರಿ ಮತ್ತ?”
“ಅಷ್ಟೇ ರೀ,” ಅಂದೆ. “ಅಷ್ಟೇ ಬರೀರಿ.”

ನಿನ್ನೆ ರಾತ್ರಿ ಕರೆಂಟ್ ಇರಲಿಲ್ಲ.
ಮಗು ಅತ್ತಿತು.
ಗೋಡೆಯಾಚೆ ಬಳೆ ಸದ್ದು, ಕೋಲಿನ ಸದ್ದು.
ಆ ಶಬ್ದಕ್ಕಾಗಿ ನಾನು ಹಲ್ಲು ಕಚ್ಚಿ ಕಾದೆ.

“ತಡಿ ನಮ್ಮವ್ವ,” ಅಂದಳು ದಾದಿ ಕತ್ತಲಲ್ಲಿ,
“ತಡಿ. ಬರ್ಲತ್ತೀನಲ್ಲ.”
ಸಾವಕಾಶ ಚಪ್ಪಲಿ ಹುಡುಕಿದಳು,
ಒಂದು ಸಿಕ್ಕಿತು, ಇನ್ನೊಂದಕ್ಕೆ ಬೈದಳು.

ಮಗು ತಡೆಯಲಿಲ್ಲ.
ಇನ್ನೂ ಜೋರಾಗಿ ಕೂಗಿತು.